ಮಕ್ಕಳ ಕೈಗೆ ಮೂಲ ವಚನ



ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ವಚನ ಬಾರದ ಮಗು ಅಪರೂಪ. ಜಾತ್ರೆಯ ವೇದಿಕೆಯ ಮೇಲೆ ಆರು ವರ್ಷದ ಕೂಸು ವಿಭೂತಿ ಹಚ್ಚಿಕೊಂಡು ನಿಂತು, ತಡವರಿಸದೆ ಇಪ್ಪತ್ತು ವಚನ ಹೇಳುತ್ತದೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ, ಸ್ಟೀಲಿನ ಬಟ್ಟಲು ಬಹುಮಾನ ಬರುತ್ತದೆ. ಇದು ಒಳ್ಳೆಯದೇ. ಆದರೆ ಅದೇ ಮಗು ಹದಿನಾರು ವರ್ಷದ್ದಾದಾಗ ನಾವು ಕರೆದು, ತಂಗೀ, ನೀನು ಹೇಳುತ್ತಿದ್ದ ಆ ವಚನದಲ್ಲಿ ಶರಣರು ಯಾರಿಗೆ ಏನು ಹೇಳುತ್ತಿದ್ದಾರೆ ಎಂದು ಕೇಳಿದರೆ, ನೆಲ ನೋಡುತ್ತದೆ. ಬಾಯಿಗೆ ಬಂದ ವಚನ ಬುದ್ಧಿಗೆ ಬರಲಿಲ್ಲ. ಅದಕ್ಕೆ ಯಾರೂ ಎಂದೂ ಪ್ರಶ್ನೆ ಹಾಕಲಿಲ್ಲ, ಪ್ರಶ್ನೆ ಹಾಕಲು ಅದಕ್ಕೆ ಯಾರೂ ಬಿಡಲೂ ಇಲ್ಲ. ಅರ್ಥವನ್ನು ಪುರಾಣ ಹೇಳುವವರು ಹೇಳಿಬಿಡುತ್ತಾರೆ, ಕೇಳುವವರು ಹೂಂಗುಡುತ್ತಾರೆ.

ಆದ್ದರಿಂದ ಕಳೆದ ಶ್ರಾವಣದಿಂದ ಮಠದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಮಕ್ಕಳಿಗಾಗಿ ಬೇರೊಂದು ಪದ್ಧತಿ ಹಿಡಿದಿದ್ದೇವೆ. ಅಂದು ಪ್ರವಚನವಿಲ್ಲ. ಒಂದು ವಚನವನ್ನು ಸಂಪುಟದಿಂದ ನೋಡಿ ಕೈಯಿಂದ ಬರೆದ ಹಾಳೆ ಪ್ರತಿಯೊಬ್ಬರ ಮುಂದೆ ಇರುತ್ತದೆ. ಮೂರು ಸಲ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಮಾತು. ನಾವೂ ವೃತ್ತದಲ್ಲಿಯೇ ಕುಳಿತಿರುತ್ತೇವೆ. ಅರ್ಥವನ್ನು ಮೊದಲು ನಾವು ಹೇಳುವುದಿಲ್ಲ, ಹಿರಿಯರಿಗೂ ಹೇಳಲು ಬಿಡುವುದಿಲ್ಲ. ಇದರ ಬಗ್ಗೆ ಕೆಲವು ಊರುಗಳಲ್ಲಿ ಮಾತು ಎದ್ದಿದೆ ಎಂದು ಕೇಳಿದ್ದೇವೆ. ಆ ಮಾತಿಗೆ ಉತ್ತರವಾಗಿ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲನೆಯ ಗೋಷ್ಠಿಯ ಸಂಗತಿಯನ್ನೇ ಹೇಳುತ್ತೇವೆ. ಕಾಯಕವನ್ನೂ ಕೈಲಾಸವನ್ನೂ ಜೋಡಿಸಿ ಹೇಳುವ ಎರಡು ಪದಗಳ ಮಾತು ಯಾರಿಗೆ ಗೊತ್ತಿಲ್ಲ? ಟ್ರ್ಯಾಕ್ಟರಿನ ಹಿಂದೆ ಅದಿದೆ, ಕಿರಾಣಿ ಅಂಗಡಿಯ ಗೋಡೆಯ ಮೇಲೆ ಅದಿದೆ, ಪತಸಂಸ್ಥೆಯ ಕ್ಯಾಲೆಂಡರಿನಲ್ಲಿ ಅದಿದೆ. ಕೆಳಗೆ ಬಸವಣ್ಣನವರ ಹೆಸರು. ಇದು ಯಾವ ವಚನದಲ್ಲಿದೆ, ಹುಡುಕಿ ತನ್ನಿರಿ ಎಂದು ಮಕ್ಕಳಿಗೆ ಹೇಳಿದೆವು. ಕರ್ನಾಟಕ ಸರ್ಕಾರ 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು, ಒಟ್ಟು 15, ಮಠದ ಪುಸ್ತಕ ಭಂಡಾರದಲ್ಲಿವೆ. ಇಬ್ಬರು ಹುಡುಗರು ಬಸವಣ್ಣನವರ ಸಂಪುಟವನ್ನು ಎರಡು ದಿನ ತಿರುವಿ ಹಾಕಿ ಬಂದು, "ಅಜ್ಜಾರ, ಇಲ್ಲಿ ಇಲ್ರಿ" ಎಂದರು. ಇರದಿದ್ದರೆ ಬೇರೆ ಕಡೆ ನೋಡಿರಿ ಎಂದೆವು. ಕೊನೆಗೆ ಸಿಕ್ಕಿತು. ಅದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿತ್ತು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಬಡ ಶರಣ ಆತ. ಮಂತ್ರಿಯ ಬಾಯಿಂದ ಬಂದ ಮಾತು ಎಂದು ಜನ ತಿಳಿದದ್ದು ಅಕ್ಕಿ ಆಯುವವನ ಬಾಯಿಂದ ಬಂದಿತ್ತು. ಇಷ್ಟು ತಿಳಿದ ಕೂಡಲೇ ಆ ಎರಡು ಪದಗಳ ತೂಕವೇ ಬೇರೆಯಾಯಿತು.

ಇಡೀ ವಚನವನ್ನು ಓದಿದಾಗ ಇನ್ನೂ ದೊಡ್ಡದು ಎದುರಾಯಿತು. ಕಾಯಕದಲ್ಲಿ ತೊಡಗಿದವನು ಗುರುವಿನ ದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಬಂದು ಎದುರಿಗೆ ನಿಂತರೂ ಆ ಕಟ್ಟಿಗೆ ಒಳಗಾಗಬಾರದು ಎಂಬ ಅರ್ಥದ ಮಾತು ಅದರಲ್ಲಿದೆ. ಕ್ಯಾಲೆಂಡರು ಇದನ್ನು ಅಚ್ಚು ಹಾಕುವುದಿಲ್ಲ. ಎಂಟನೆಯ ಇಯತ್ತೆಯ ಹುಡುಗನೊಬ್ಬ ಹಾಳೆಯಿಂದ ತಲೆ ಎತ್ತಿ ಕೇಳಿದ: "ಅಜ್ಜಾರ, ನಾ ಅಭ್ಯಾಸ ಮಾಡಕೋತ ಕುಂತಾಗ ನೀವು ನಮ್ಮ ಮನಿಗೆ ಬಂದ್ರಿ ಅಂದ್ರ, ನಾ ಏಳಬಾರದೇನ್ರಿ?"

ಹಿಂದೆ ಕುಳಿತ ಹಿರಿಯರು ಗಾಬರಿಯಾದರು. "ಏ ತಮ್ಮಾ, ಸುಮ್ಮ ಕುಂದರು" ಎಂದು ಒಬ್ಬರು ಗದರಿದರು. ನಾವು ಅವರನ್ನು ತಡೆದು, ವಚನದಲ್ಲಿ ಏನಿದೆ, ಇನ್ನೊಮ್ಮೆ ಓದಪ್ಪಾ ಎಂದೆವು. ಓದಿ, "ಹಾಂಗs ಐತ್ರಿ" ಎಂದ. ಆಗ ಆಚೆ ಕುಳಿತ ಹುಡುಗಿ, "ಅಭ್ಯಾಸ ಕಾಯಕ ಹ್ಯಾಂಗ ಆಕ್ಕೈತಿ? ಮಾರಯ್ಯ ಅಕ್ಕಿ ಆರಿಸಿ ತಂದು ನಾಕು ಮಂದಿಗೆ ಉಣಸತಿದ್ದ. ನಾವು ಓದೂದು ನಮಗಷ್ಟs" ಎಂದಳು. ಮೂರನೆಯವನು ಇನ್ನೊಂದು ಎಳೆ ಹಿಡಿದ. ಜಂಗಮ ಬಂದಾಗ ಕೆಲಸ ಬಿಟ್ಟು ಏಳುವುದು ಸೋಮಾರಿಗೆ ಸುಲಭ, ಕೆಲಸದಲ್ಲಿ ಮುಳುಗಿದವನಿಗೇ ಅದು ಕಷ್ಟ, ಹಾಗಾದರೆ ವಚನ ಯಾರಿಗೆ ಹೇಳಿದ್ದು ಎಂದು ಅವನ ಪ್ರಶ್ನೆ. ಹೀಗೆ ಒಂದು ತಾಸು ನಡೆಯಿತು. ಮಾರಯ್ಯನ ಹೆಂಡತಿ ಲಕ್ಕಮ್ಮ ತಾಯಿ ಮಾತಿನ ನಡುವೆ ತಾನಾಗಿಯೇ ಬಂದಳು. ಗಂಡ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿಸಿ ಬಾ ಎಂದವಳು, ಗಂಡ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಕಾಯಕ ನಿಂತಿದೆ ಎಂದು ಎಚ್ಚರಿಸಿದವಳು ಆಕೆ. "ಅಂದ್ರ ಗೋಷ್ಠಿಗೆ ಬಂದು ಬಾಳೊತ್ತು ಕುಂದರೂದೂ ತಪ್ಪs ಆತಲ್ರಿ" ಎಂದು ಒಬ್ಬ ಅಂದಾಗ ಹಿರಿಯರೂ ನಕ್ಕರು.

ಈ ವಚನದ ಮೇಲೆ ಪ್ರವಚನ ಮಾಡುವುದು ನಮಗೆ ಹತ್ತು ಮಿನಿಟಿನ ಕೆಲಸ. ಕಾಯಕದ ಮಹಿಮೆ, ಶ್ರಮದ ಗೌರವ, ಎರಡು ದೃಷ್ಟಾಂತ, ಮಂಗಳ. ಆ ಹುಡುಗನ ಪ್ರಶ್ನೆ ಮಾತ್ರ ಅಲ್ಲಿ ಹುಟ್ಟುತ್ತಿರಲಿಲ್ಲ. ಜಂಗಮನ ಮುಂದೆಯೇ ಕುಳಿತು ಜಂಗಮನ ಹಂಗು ಎಷ್ಟು ಎಂದು ಕೇಳುವ ಧೈರ್ಯ ಅವನಿಗೆ ನಮ್ಮಿಂದ ಬರಲಿಲ್ಲ, ವಚನದಿಂದ ಬಂತು. ಅದು ಬರಲೆಂದೇ ಶರಣರು ಸಂಸ್ಕೃತವನ್ನು ಬಿಟ್ಟು ಆಡುವ ಮಾತಿನಲ್ಲಿ ನುಡಿದರು. ಇಷ್ಟಕ್ಕೂ ಅವನ ಪ್ರಶ್ನೆಗೆ ನಮ್ಮ ಉತ್ತರವೇನು ಎಂದು ಹಲವರು ಕೇಳಿದ್ದಾರೆ. ಏಳಬೇಡ ಎಂದೇ ನಮ್ಮ ಉತ್ತರ. ಲೆಕ್ಕ ಬಿಡಿಸಿ ಮುಗಿಸು, ಆಮೇಲೆ ಬಾ, ನಾವು ಕಾಯುತ್ತೇವೆ.

ಈಗ ಎದ್ದಿರುವ ಮಾತಿಗೆ ಬರೋಣ. ಮಕ್ಕಳು ಹೀಗೆ ಕೇಳಲು ಹತ್ತಿದರೆ ಭಕ್ತಿ ಉಳಿಯುವುದೇ, ಗುರುವಾಕ್ಯಕ್ಕೆ ಬೆಲೆ ಇರುವುದೇ ಎನ್ನುತ್ತಾರೆ. ಹಾಗೆ ಕೇಳುವ ಭಕ್ತರು ಶೂನ್ಯಸಂಪಾದನೆಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಆ ಗ್ರಂಥದಲ್ಲಿ ಯಾರೂ ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪುವುದಿಲ್ಲ. ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನು ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ನಿಲ್ಲಿಸಿ, ಗಂಡನ ಗುರುತು ಹೇಳು ಎನ್ನುವುದರಿಂದ ಹಿಡಿದು, ಬಟ್ಟೆ ಬಿಟ್ಟವಳು ಕೂದಲಿನಿಂದ ಏಕೆ ಮೈ ಮುಚ್ಚಿಕೊಂಡೆ ಎನ್ನುವವರೆಗೆ ಕೇಳುತ್ತಾರೆ. ಆಕೆ ತಲೆ ತಗ್ಗಿಸದೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಅಷ್ಟು ಕಠಿಣ ಪ್ರಶ್ನೆ ನಮ್ಮ ಮಕ್ಕಳು ಇನ್ನೂ ಕೇಳಿಲ್ಲ.

ನಮ್ಮ ಸೊಲ್ಲಾಪುರದ ಸಿದ್ಧರಾಮೇಶ್ವರರ ಕಥೆಯಂತೂ ಇನ್ನೂ ಹತ್ತಿರದ್ದು. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಹೋಗದ ಮನೆ ನಮ್ಮಲ್ಲಿಲ್ಲ. ನಂದಿಧ್ವಜ ನೋಡುತ್ತೇವೆ, ಕೆರೆಯ ನಡುವಿನ ಗುಡಿಗೆ ಕೈ ಮುಗಿಯುತ್ತೇವೆ. ಆ ಕೆರೆ ತೋಡಿಸುತ್ತಿದ್ದ ಸಿದ್ಧರಾಮರನ್ನು ಪ್ರಭುದೇವರು ಬಂದು ಹೀನಾಯವಾಗಿ ಕರೆದರು, ಕೆಲಸಗಾರರು ಕೆರಳಿ ಕಲ್ಲು ಬೀರಿದರು, ಆಮೇಲೆ ಇಬ್ಬರಿಗೂ ವಾದ ನಡೆಯಿತು ಎಂದು ಗ್ರಂಥ ಹೇಳುತ್ತದೆ. ಈ ಭಾಗವನ್ನು ಓದಿದಾಗ ಜತ್ತ ಕಡೆಯ ಹುಡುಗನೊಬ್ಬ, "ನಮ್ಮೂರಿಗೆ ಬ್ಯಾಸಗ್ಯಾಗ ಟ್ಯಾಂಕರ್ ಬರತಾವ. ಕೆರಿ ಕಟ್ಟಾಂವಗ ಪ್ರಭುದೇವರು ಯಾಕ ಬೈದ್ರು?" ಎಂದು ಬಹಳ ಸಿಟ್ಟಿನಿಂದ ಕೇಳಿದ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅವನ ಪಕ್ಷ. ಕೆರೆಯಲ್ಲಿ ತಪ್ಪಿಲ್ಲ, ಕಟ್ಟಿದವನು ನಾನು ಎಂಬ ಭಾವ ಒಳಗೆ ಸೇರಿತ್ತೋ ಇಲ್ಲವೋ ಅದನ್ನು ಪ್ರಭು ಕೆದಕಿ ನೋಡಿದರು ಎಂದು ಒಬ್ಬಳು ಹೇಳಿದಳು. ಹುಡುಗ ಒಪ್ಪಲಿಲ್ಲ. ನೀರು ಕುಡಿಯುವವನಿಗೆ ಅದರಿಂದೇನು ಎಂದ. ಈ ವಾದ ಇನ್ನೂ ಮುಗಿದಿಲ್ಲ, ಮುಗಿಸಲು ನಾವೂ ಹೋಗಿಲ್ಲ. ಸಿದ್ಧರಾಮರ ಸ್ವಂತ ವಚನಗಳ ಸಂಪುಟವನ್ನು ಅವನ ಕೈಗೆ ಕೊಟ್ಟಿದ್ದೇವೆ, ಓದುತ್ತಿದ್ದಾನೆ.

ಮೂಲವನ್ನು ಮುಂದಿಟ್ಟುಕೊಂಡರೆ ಇನ್ನೊಂದನ್ನೂ ಮಕ್ಕಳಿಂದ ಮುಚ್ಚಿಡಲು ಬರುವುದಿಲ್ಲ. ಶೂನ್ಯಸಂಪಾದನೆ 12ನೆಯ ಶತಮಾನದ ಸಭೆಯಲ್ಲಿ ಕುಳಿತು ಬರೆದುಕೊಂಡ ವರದಿಯಲ್ಲ. ಅದರೊಳಗಿನ ವಚನಗಳು ಶರಣರವು. ಅವನ್ನು ಸಂವಾದವಾಗಿ ಹೊಂದಿಸಿದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಅವರ ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಮತ್ತೆ ಹೊಂದಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳಿವೆ. ಸಿದ್ಧರಾಮರಿಗೆ ಕಲ್ಯಾಣದಲ್ಲಿ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗ ಮೊದಲನೆಯದರಲ್ಲಿ ಇಲ್ಲ, ಹಲಗೆಯಾರ್ಯರಿಂದ ಮುಂದೆ ಸೇರಿತು. ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿಯೂ ಅದಿಲ್ಲ. ಇದನ್ನು ಮಕ್ಕಳಿಗೆ ಏಕೆ ಹೇಳಬೇಕು ಎಂದು ಒಬ್ಬ ಭಕ್ತರು ನೊಂದುಕೊಂಡು ಕೇಳಿದರು. ನಾವು ಹೇಳದಿದ್ದರೆ ನಾಳೆ ಕಾಲೇಜಿನಲ್ಲಿ ಇನ್ನೊಬ್ಬರು ಹೇಳುತ್ತಾರೆ, ಮಠ ನಮ್ಮಿಂದ ಮುಚ್ಚಿಟ್ಟಿತ್ತು ಎಂದು ಮಕ್ಕಳಿಗೆ ಅನಿಸುತ್ತದೆ. ಗುರುಗಳೇ ಗ್ರಂಥ ಬಿಚ್ಚಿ ತೋರಿಸಿದರೆ, ಮೂರು ನೂರು ವರ್ಷಗಳ ನಂತರವೂ ನಾಲ್ಕು ಸಲ ಕೂತು ಹೊಂದಿಸುವಷ್ಟು ಪ್ರೀತಿ ಆ ಸಂವಾದದ ಮೇಲೆ ಜನಕ್ಕೆ ಇತ್ತಲ್ಲ ಎಂಬುದು ಅವರಿಗೆ ಕಾಣುತ್ತದೆ.

ಓದುವ ವಿಷಯದಲ್ಲಿ ನಮ್ಮ ಗಡಿಭಾಗಕ್ಕೇ ಇರುವ ತೊಂದರೆಯೊಂದಿದೆ. 1956ರಲ್ಲಿ ರಾಜ್ಯಗಳ ಗಡಿ ಬೇರೆಯಾದ ಮೇಲೆ ನಮ್ಮ ಮನೆಮಾತು ಕನ್ನಡವಾಗಿಯೇ ಉಳಿಯಿತು, ಸಾಲಿ ಹಲವರಿಗೆ ಮರಾಠಿಯಾಯಿತು. ಜಿಲ್ಲಾ ಪರಿಷತ್ತಿನ ಕನ್ನಡ ಸಾಲೆಗಳಿವೆ. ಅಲ್ಲಿಗೆ ಮಕ್ಕಳನ್ನು ಕಳಿಸುವವರಿಗೆ ನಮ್ಮ ಆಶೀರ್ವಾದ. ಉಳಿದ ಮಕ್ಕಳು ವಚನವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತವೆ. ದೇವನಾಗರಿಯಲ್ಲಿ ನಮ್ಮ ಹ್ರಸ್ವ ಎಕಾರ, ಹ್ರಸ್ವ ಒಕಾರಗಳಿಗೆ ಅಕ್ಷರವಿಲ್ಲ. ಕೊಡು ಎಂಬುದೂ ಕೋಡು ಎಂಬುದೂ ಒಂದೇ ಆಗುತ್ತದೆ. ಕೇಳಿ ಕಲಿತವನಿಗೆ ತೊಡಕಿಲ್ಲ, ನೋಡಿ ಓದುವವನು ಎಡವುತ್ತಾನೆ. ಕನ್ನಡದ ಅಕ್ಷರ ಕಲಿಯಲು ಮರಾಠಿ ಓದು ಬಲ್ಲ ಮಗುವಿಗೆ ಒಂದು ಬೇಸಿಗೆ ಸಾಕು. ವರ್ಣಮಾಲೆಯ ಕ್ರಮ ಹೆಚ್ಚುಕಡಿಮೆ ಅದೇ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡವನ್ನು ತಾವಾಗಿ ಕಲಿತರು, ಸಿದ್ಧರಾಮೇಶ್ವರ ಪುರಾಣ ಬರೆದರು, ವಚನಗಳನ್ನು ಮರಾಠಿಗೂ ತಂದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರು. ಇದನ್ನು ಮಕ್ಕಳಿಗೆ ಹೇಳಿರಿ. ಮರಾಠಿಯನ್ನು ದೂರ ಇಡಿರಿ ಎಂದು ನಾವು ಹೇಳುತ್ತಿಲ್ಲ. ಮನ್ಮಥಸ್ವಾಮಿಗಳ ಪರಮರಹಸ್ಯವನ್ನು ಮರಾಠಿಯಲ್ಲಿ ಪಾರಾಯಣ ಮಾಡುವ ಲಿಂಗಾಯತರು ನಮ್ಮ ಬಂಧುಗಳೇ. ವಚನವನ್ನೂ ಅದರ ಮರಾಠಿ ರೂಪವನ್ನೂ ಪಕ್ಕದಲ್ಲಿಟ್ಟು ಓದಿಸಿದಾಗ, ಯಾವ ಪದ ದಾಟಿ ಹೋಯಿತು, ಯಾವುದು ಈ ದಂಡೆಯಲ್ಲೇ ಉಳಿಯಿತು ಎಂದು ಮಕ್ಕಳು ನಮಗಿಂತ ಬೇಗ ಹಿಡಿದರು.

ಗೊತ್ತಿಲ್ಲದ ಪದ ಬಂದರೆ ನಿಘಂಟಿಗಿಂತ ಮೊದಲು ಮುತ್ತ್ಯಾನನ್ನು ಕೇಳಿ ಎನ್ನುತ್ತೇವೆ. ಬಸವಣ್ಣನವರ ವಚನವೊಂದರಲ್ಲಿ ಕೊಳಗದ ಮಾತು ಬರುತ್ತದೆ. ಕಿಲೋ ಲೆಕ್ಕದ ಮಕ್ಕಳಿಗೆ ಅದೇನೆಂದು ತಿಳಿಯದು. ಒಬ್ಬ ಮುತ್ತ್ಯಾ ಎದ್ದು, ಕಣದಲ್ಲಿ ರಾಶಿ ಅಳೆಯುವ ರೀತಿಯನ್ನು ಕೈ ಮಾಡಿ ತೋರಿಸಿದ. ಅರ್ಥ ನಾವು ಹೇಳಬೇಕಾಗಲೇ ಇಲ್ಲ.

ಇನ್ನು ಒಂದು ಪ್ರಸಂಗವನ್ನು ಹೇಳಲೇಬೇಕು. ಅದರಿಂದಲೇ ಹೆಚ್ಚು ಮಾತು ಎದ್ದಿರುವುದು.

ಸೂತಕ ಎಂಬ ಪದ ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೂ ಗೊತ್ತು, ಮರಾಠಿಯಲ್ಲಿಯೂ ಗೊತ್ತು. ಹುಟ್ಟು, ಸಾವು, ರಜಸ್ಸು, ಎಂಜಲು, ಜಾತಿ, ಈ ಐದು ಸೂತಕಗಳು ಲಿಂಗವಂತನಿಗೆ ಇಲ್ಲ ಎಂಬುದು ಶರಣರ ಮಾತು. ಅದರ ಬಗೆಗಿನ ವಚನವನ್ನು ಕಾರ್ತಿಕದಲ್ಲಿ ಓದಿದೆವು. ಮಾತು ಹೆಚ್ಚು ಬೆಳೆಯಲಿಲ್ಲ. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಹಾಳೆ ಮಡಚುತ್ತ, "ಇದನ್ನ ನಮ್ಮ ಮನ್ಯಾಗ ಓದಿ ತೋರಸಲೇನ್ರಿ?" ಎಂದಳು. ಅಷ್ಟೇ. ಅಲ್ಲಿದ್ದ ತಾಯಂದಿರೆಲ್ಲ ಸುಮ್ಮನಾದರು. ತಿಂಗಳಿಗೆ ಮೂರು ದಿನ ಆ ಹುಡುಗಿಗೆ ಒಳಗೆ ಪ್ರವೇಶವಿಲ್ಲ, ಲಿಂಗಪೂಜೆ ಇಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಓದವ್ವಾ ಎಂದೆವು.

ಎಂಟು ದಿನಕ್ಕೆ ಅವಳ ತಂದೆ ಬಂದರು. ಸಜ್ಜನರು, ದಾಸೋಹಕ್ಕೆ ವರ್ಷಕ್ಕೆರಡು ಚೀಲ ಜೋಳ ಕೊಡುವವರು. "ಅಪ್ಪಾರ, ಹುಡುಗಿಗೆ ವಚನ ಕಲಸ್ರಿ ಅಂತ ಕಳಿಸಿದ್ವಿ. ಮನ್ಯಾಗ ಜಗಳ ಹಚ್ಚಂತ ಕಳಿಸಿಲ್ಲ. ನಮ್ಮವ್ವ ಎರಡು ದಿನ ಊಟ ಬಿಟ್ಟಾಳ" ಎಂದರು. ಇಂಥ ವಚನಗಳನ್ನು ಮಕ್ಕಳು ದೊಡ್ಡವರಾದ ಮೇಲೆ ಓದಿಸಬಹುದಲ್ಲ ಎಂಬುದು ಅವರ ಬೇಡಿಕೆ.

ಈ ವಿಷಯದಲ್ಲಿ ಮಠದ ನಿಲುವನ್ನು ನಾವು ಎಂದೂ ಮುಚ್ಚಿಟ್ಟಿಲ್ಲ. ಎದೆಯ ಮೇಲೆ ಇಷ್ಟಲಿಂಗವಿದ್ದ ದೇಹಕ್ಕೆ ಸೂತಕವಿಲ್ಲ, ಅದು ತಾಯಿಗೂ ಇಲ್ಲ, ಮಗಳಿಗೂ ಇಲ್ಲ. ಆದರೂ ಆ ದಿನ ನಾವು ಅದನ್ನು ಅಪ್ಪಣೆಯಂತೆ ಹೇಳಲಿಲ್ಲ. ಹೇಳಿದ್ದರೆ ಅವರು ಕೈ ಮುಗಿದು ಹೋಗುತ್ತಿದ್ದರು, ಮನೆಯಲ್ಲಿ ಅಜ್ಜಿಗೆ ಸ್ವಾಮಿಗಳ ಮಾತು ಎಂದು ಒಂದು ಹೊರೆ ಹೆಚ್ಚಾಗುತ್ತಿತ್ತು. ನಾವು ಸಂಪುಟ ತರಿಸಿ ಅವರ ಮುಂದೆ ಇಟ್ಟೆವು. ಈ ವಚನ ಶರಣರದ್ದಲ್ಲ ಎಂದು ನಿಮಗೆ ಅನಿಸಿದರೆ ತೋರಿಸಿರಿ. ನಾವು ಹಿಡಿದ ಅರ್ಥ ತಪ್ಪಾಗಿದ್ದರೆ ತೋರಿಸಿರಿ. ನಿಮ್ಮ ಮನೆಯ ರೂಢಿಯನ್ನು ಎತ್ತಿ ಹಿಡಿಯುವ ವಚನ ಸಿಕ್ಕರೆ ತನ್ನಿರಿ, ಮುಂದಿನ ಅಮಾವಾಸ್ಯೆಗೆ ಅದನ್ನೂ ಮಕ್ಕಳ ಮುಂದೆ ಇಡುತ್ತೇವೆ. ಯಾವುದೂ ಆಗದಿದ್ದರೆ, ವಚನ ಒಂದು, ನಮ್ಮ ಮನೆ ಒಂದು ಎಂದು ಮಗಳಿಗೆ ನೀವೇ ಬಾಯಿ ಬಿಟ್ಟು ಹೇಳಿರಿ ಎಂದೆವು. ಅವರು ಬಹಳ ಹೊತ್ತು ಕುಳಿತಿದ್ದರು. ಪುಸ್ತಕ ತೆಗೆದುಕೊಂಡು ಹೋದರು.

ಮುಂದಿನ ಗೋಷ್ಠಿಗೆ ಹುಡುಗಿ ಬರಲಿಲ್ಲ. ಅದರ ಮುಂದಿನದಕ್ಕೆ ಬಂದಳು, ಜೊತೆಗೆ ಅಜ್ಜಿಯೂ ಬಂದರು. ಅಕ್ಷರ ಬಾರದ ಆ ತಾಯಿಗೆ ಮೊಮ್ಮಗಳೇ ಪುಸ್ತಕದಿಂದ ರಾತ್ರಿ ರಾತ್ರಿ ಓದಿ ಹೇಳಿದ್ದಳಂತೆ. ಅಜ್ಜಿ ಎಲ್ಲರಿಗಿಂತ ಮುಂದೆ ಬಂದು ಕುಳಿತು ನಮ್ಮನ್ನೇ ಕೇಳಿದರು: "ಬರೇ ಗಂಡಸರು ಅಂದದ್ದು ಓದತೀರಿ. ಹೆಣ್ಮಕ್ಕಳ ಸೂತಕದ ಮಾತು ಹೆಣ್ಮಕ್ಕಳು ಏನಂದಾರ, ಅದನ್ನ ತಗೀರಿ, ಕೇಳೂಣು." ಆ ಮನೆಯಲ್ಲಿ ಏನು ಬದಲಾಯಿತೆಂದು ನಾವು ವಿಚಾರಿಸಿಲ್ಲ.

ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಊರೂರು ತಿರುಗಿ ತಾಡವಾಲೆ ಕೂಡಿಸಿದರು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅದಕ್ಕೂ ಮುಂಚೆ ವಚನದ ಕಟ್ಟುಗಳು ಬಹುಮಟ್ಟಿಗೆ ಜಗುಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿ ಪೂಜೆಗೊಳ್ಳುತ್ತಿದ್ದವು. ಇಂದು ಮೊಬೈಲಿನಲ್ಲಿ ಹೂವಿನ ಚಿತ್ರದ ಮೇಲೆ ಬರೆದ ವಚನ ದಿನಾ ಬೆಳಿಗ್ಗೆ ಬರುತ್ತದೆ, ಅದರಲ್ಲಿ ಯಾರದೋ ಮಾತಿಗೆ ಯಾರದೋ ಅಂಕಿತ. ಮಕ್ಕಳು ಈಗ ಅಂಥದ್ದು ಬಂದರೆ ಸಂಪುಟದಲ್ಲಿ ತಾಳೆ ನೋಡುತ್ತಾರೆ. ಲಗ್ನಪತ್ರಿಕೆಯ ಮೇಲಿನ ವಚನವನ್ನೂ ಬಿಡುವುದಿಲ್ಲ. ಪತ್ರಿಕೆ ಅಚ್ಚು ಹಾಕಿಸುವವರು ಎಚ್ಚರವಾಗಿರಿ.

ಬರುವ ಅಮಾವಾಸ್ಯೆಯ ಗೋಷ್ಠಿಗೆ ಆ ಅಜ್ಜಿಯ ಅಪ್ಪಣೆಯಂತೆ ಶಿವಶರಣೆಯರ ವಚನ ಸಂಪುಟವನ್ನು ತೆಗೆಯುತ್ತೇವೆ. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಉಳಿದು ಬಂದಿವೆ. ಲಕ್ಕಮ್ಮ ತಾಯಿಯಿಂದ ಆರಂಭ. ಮಕ್ಕಳು ಒಂದು ವಹಿ, ಒಂದು ಪೆನ್ಸಿಲ್ ತರಬೇಕು. ಕನ್ನಡ ಅಕ್ಷರ ಬಾರದವರು ಒಂದು ತಾಸು ಮುಂಚೆ ಬಂದರೆ ಕಲಿಸುವ ಏರ್ಪಾಡು ಇದೆ. ತಂದೆ ತಾಯಂದಿರು ಹಿಂದೆ ಕುಳಿತುಕೊಳ್ಳಬಹುದು, ಮೊದಲ ಒಂದು ತಾಸು ಅವರು ಮಾತಾಡುವಂತಿಲ್ಲ. ಅಜ್ಜಿಯರಿಗೆ ಈ ಕಟ್ಟಳೆ ಇಲ್ಲ. ದಾಸೋಹ ಗೋಷ್ಠಿಯ ನಂತರ.